ಪ್ರವಾಸಿಯ ಕಿಸೆ

ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಬಡತನವಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ದಂಥ ಕೃತಿಗಳು ನಮ್ಮ ವಾಚಕರಿಗೆ ಕಡಲಾಚೆಯ ನಾಡುಗಳ ಪರಿಚಯ ಮಾಡಿಕೊಟ್ಟಿವೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಈ ಹಿರಿಯರ ಹಾದಿ ಹಿಡಿದು ಪತ್ರಿಕೆಗಳಿಗೆ ಬರೆಯುವವರ ಎಷ್ಟೋ ಲೇಖನಗಳನ್ನು ಓದಿ ಮುಗಿಸಿದಾಗ ಒಂದು ಕೊರತೆ ಕಾಣುತ್ತದೆ. ಗೋಪುರದ ಎತ್ತರ ತಿಳಿಯಿತು, ಅರಮನೆಯ ಕೋಣೆಗಳ ಲೆಕ್ಕ ಸಿಕ್ಕಿತು. ಆದರೆ ಈ ಮನುಷ್ಯ ಮಧ್ಯಾಹ್ನ ಏನು ಉಂಡ? ಅದಕ್ಕೆ ಎಷ್ಟು ಕೊಟ್ಟ?

ಇದು ಕ್ಷುಲ್ಲಕ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಂಥ ಊರಿನಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರಿಗೂ ಮೊದಲ ಯೋಚನೆ ರೊಟ್ಟಿಬುತ್ತಿಯದೇ. ಎಷ್ಟು ಜನ, ಎಷ್ಟು ದಿನ ಎಂದು ಎಣಿಸಿಯೇ ಗಂಟು ಕಟ್ಟುತ್ತಾರೆ. ಕೂಡಿಟ್ಟ ಹಣದಲ್ಲಿ ಪರದೇಶಕ್ಕೆ ಹೋಗುವ ಇಂದಿನ ಮಧ್ಯಮ ವರ್ಗದವರ ಚಿಂತೆಯೂ ಇದೇ. ಬರೆಯಲು ಕುಳಿತಾಗ ಮಾತ್ರ ಅದನ್ನು ಅಡಗಿಸಿಡುತ್ತೇವೆ.

ಅಡಗಿಸದೆ ಬರೆದ ಒಂದು ಮಾದರಿ ಕನ್ನಡದಲ್ಲೇ ಇದೆ. ಅದನ್ನು ಪ್ರವಾಸ ಸಾಹಿತ್ಯವೆಂದು ಓದುವವರು ಕಡಮೆ, ಅಷ್ಟೆ. ಗಾಂಧೀಜಿ 1925ರಿಂದ 1929ರವರೆಗೆ ಗುಜರಾತಿಯಲ್ಲಿ ಬರೆದ ಆತ್ಮಕಥೆಯನ್ನು ಕನ್ನಡಕ್ಕೆ ತಂದವರೂ ಗೊರೂರರೇ. 1888ರಿಂದ 1891ರವರೆಗಿನ ಲಂಡನ್ ವಾಸದ ಅಧ್ಯಾಯಗಳನ್ನು ಪ್ರವಾಸಿಯ ಕಣ್ಣಿನಿಂದ ಮತ್ತೊಮ್ಮೆ ಓದಿ ನೋಡಬೇಕು.

ಅಲ್ಲಿ ಮೊದಲು ಕಾಣುವುದು ಹಸಿವು. ಮಾಂಸ ಮುಟ್ಟೆನೆಂದು ತಾಯಿಗೆ ಮಾತು ಕೊಟ್ಟು ಬಂದ ಹುಡುಗ, ಬ್ರೆಡ್ಡಿನ ಎರಡು ಮೂರು ತುಂಡುಗಳಾದ ಮೇಲೆ ಇನ್ನೊಂದು ಕೇಳಲು ಸಂಕೋಚಪಡುತ್ತಾನೆ. ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಸಸ್ಯಾಹಾರದ ಊಟದಮನೆಯನ್ನು ಕಂಡಾಗ ಅವನಿಗಾದ ಹಿಗ್ಗನ್ನು ಓದಿದರೆ, ಲಂಡನ್ನಿನ ಬೀದಿಗಳು ಯಾವ ವರ್ಣನೆಯಿಂದಲೂ ಆಗದಷ್ಟು ಹತ್ತಿರವಾಗುತ್ತವೆ. ಆಮೇಲೆ ಬರುವುದು ಲೆಕ್ಕ. ಬಸ್ಸಿನ ಬಾಡಿಗೆ, ಅಂಚೆಯ ಖರ್ಚು, ಪತ್ರಿಕೆಯ ಕಾಸು ಎಲ್ಲವನ್ನೂ ಬರೆದಿಟ್ಟು ರಾತ್ರಿ ಮಲಗುವ ಮೊದಲು ಶಿಲ್ಕು ನೋಡುವ ಪದ್ಧತಿ. ಕೊನೆಗೆ ಒಂದೇ ಕೋಣೆ, ಒಂದು ಒಲೆ. ಬೆಳಿಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ, ರಾತ್ರಿ ಬ್ರೆಡ್ಡು ಮತ್ತು ಕೋಕೋ, ಮಧ್ಯಾಹ್ನ ಮಾತ್ರ ಹೊರಗಿನ ಊಟ. ದಿನದ ವೆಚ್ಚ 1 ಶಿಲ್ಲಿಂಗ್ 3 ಪೆನ್ಸ್.

ಪ್ಯಾರಿಸಿನ ಅಧ್ಯಾಯ ಇನ್ನೂ ಸ್ವಾರಸ್ಯದ್ದು. ಅಲ್ಲಿಯ ಮಹಾಪ್ರದರ್ಶನವನ್ನು ಅವರು 1890ರದೆಂದು ಬರೆದಿದ್ದಾರೆ. ಅದು ನಡೆದದ್ದು 1889ರಲ್ಲಿ. ಸಸ್ಯಾಹಾರದ ಊಟದಮನೆಯೊಂದಿದೆಯೆಂದು ಕೇಳಿ ಅಲ್ಲೇ ಕೋಣೆ ಹಿಡಿದು ಏಳು ದಿನ ಇದ್ದು, ನಕಾಶೆ ಹಿಡಿದುಕೊಂಡು ಬಹುತೇಕ ಕಾಲ್ನಡಿಗೆಯಲ್ಲೇ ಊರು ನೋಡಿದರು. ಇಷ್ಟು ಬಿಗಿಯಾದ ಮನುಷ್ಯ ಐಫೆಲ್ ಗೋಪುರದ ಮೊದಲ ಅಂತಸ್ತಿನ ಹೋಟೆಲಿನಲ್ಲಿ, ಅಷ್ಟು ಎತ್ತರದಲ್ಲಿ ಉಂಡೆನೆಂದು ಹೇಳಿಕೊಳ್ಳುವ ಸಂತೋಷಕ್ಕಾಗಿಯೇ 7 ಶಿಲ್ಲಿಂಗ್ ಸುರಿದರು! 12 ಪೆನ್ಸಿಗೆ ಒಂದು ಶಿಲ್ಲಿಂಗಿನಂತೆ ಲೆಕ್ಕ ಹಾಕಿದರೆ, ಲಂಡನ್ನಿನ ಆ ಮಿತವ್ಯಯದ ಐದೂವರೆ ದಿನಗಳ ಖರ್ಚು ಒಂದೇ ಊಟಕ್ಕೆ ಹೋಯಿತು. ದಿನದ ವೆಚ್ಚ ನಮಗೆ ಮೊದಲೇ ಗೊತ್ತಿರುವುದರಿಂದಲೇ ಈ ಊಟ ನಗೆಯನ್ನೂ ಮರುಕವನ್ನೂ ಒಟ್ಟಿಗೆ ತರುತ್ತದೆ. ಬೆಲೆ ಹೇಳದಿದ್ದರೆ ಇದು ಬರಿಯ ಜಂಬವಾಗುತ್ತಿತ್ತು.

ಬರವಣಿಗೆಯಲ್ಲಿ ಕೊರತೆಯಿಲ್ಲವೆಂದಲ್ಲ. ಪ್ಯಾರಿಸಿನ ಕೋಣೆಗೆ, ದಿನದ ಊಟಕ್ಕೆ ಎಷ್ಟಾಯಿತೆಂದು ಅವರು ಹೇಳುವುದಿಲ್ಲ. ಪ್ರದರ್ಶನದ ಬಗ್ಗೆ ಅದರ ಗಾತ್ರ ವೈವಿಧ್ಯಗಳ ಹೊರತು ಏನೂ ನೆನಪಿಲ್ಲವೆನ್ನುತ್ತಾರೆ. ಉಳಿದದ್ದು ಪುರಾತನ ಚರ್ಚುಗಳು, ಅಲ್ಲಿ ಮೊಣಕಾಲೂರಿದ ಜನ, ಮತ್ತು ಆ 7 ಶಿಲ್ಲಿಂಗ್.

ಖರ್ಚಿನ ಪಟ್ಟಿಯೇ ಸಾಹಿತ್ಯವಾಗುವುದಾದರೆ ಕಿರಾಣಿ ಅಂಗಡಿಯ ಕೀರ್ದಿಯೂ ಕಾವ್ಯವಲ್ಲವೆ ಎಂದು ಕೇಳಬಹುದು. ನಿಜ, ಬರಿಯ ದರಪಟ್ಟಿ ಮರುವರ್ಷಕ್ಕೇ ಹಳತಾಗುತ್ತದೆ. ಶಿಲ್ಲಿಂಗು ಇಂದು ಚಲಾವಣೆಯಲ್ಲೇ ಇಲ್ಲ; ಆದರೂ ಆ ಅಧ್ಯಾಯಗಳು ಹಳತಾಗಿಲ್ಲ. ಯಾವುದಕ್ಕೆ ಕೈ ಬಿಗಿಹಿಡಿದೆ, ಯಾವುದಕ್ಕೆ ಸಡಿಲಬಿಟ್ಟೆ ಎಂಬುದರಲ್ಲಿ ಬರೆದವನ ಸ್ವಭಾವ ಕಾಣುತ್ತದೆ. ಅದು ಕಾಣದ ಪ್ರವಾಸಕಥನದಿಂದ ಊರಿನ ವಿವರ ಸಿಗಬಹುದು. ಊರು ನೋಡಿದವನು ಸಿಗಲಾರ. ನಮ್ಮ ಹೊಸ ಲೇಖಕರು ಗೋಪುರದ ಎತ್ತರದ ಜೊತೆಗೆ ಅಲ್ಲಿಯ ಊಟದ ಬೆಲೆಯನ್ನೂ ಬರೆಯುವ ಧೈರ್ಯ ಮಾಡಲಿ.