ಬೇರಿಲ್ಲದ ಹಸಿರು



ಆಗಮನ ಕಾಲದ ಮೊದಲ ಮೇಣದ ಬತ್ತಿಯನ್ನು ಹಚ್ಚುವುದಕ್ಕೆ ಮುನ್ನವೇ ನಮ್ಮ ದಾವಣಗೆರೆಯ ಅಂಗಡಿಗಳಲ್ಲಿ ಕ್ರಿಸ್‌ಮಸ್ ಮರಗಳು ಬಂದು ನಿಂತಿರುತ್ತವೆ. ಎರಡಡಿಯದು, ನಾಲ್ಕಡಿಯದು, ಆರಡಿಯದು. ಅಚ್ಚ ಹಸಿರಿನದು, ತುದಿಗೆ ಬಿಳಿ ಬಳಿದದ್ದು, ದೀಪಗಳನ್ನು ಮೈಯೊಳಗೇ ಹೊತ್ತು ಬಂದದ್ದು. ಬೆಲೆಯೂ ಹಾಗೆಯೇ, ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರಗಳವರೆಗೆ. ಎಸ್.ಎಸ್. ಬಡಾವಣೆಯಂಥ ಕಡೆಗಳಲ್ಲಿ ಅದು ಕ್ರೈಸ್ತರ ನಡುಮನೆಯನ್ನು ಮಾತ್ರವಲ್ಲ, ಮಕ್ಕಳ ಹಟಕ್ಕೆ ಸೋತ ಇತರ ಧರ್ಮೀಯರ ನಡುಮನೆಯನ್ನೂ ಸೇರುತ್ತದೆ. “ಫಾದರ್, ಯಾವುದನ್ನು ಕೊಂಡರೆ ಒಳ್ಳೆಯದು?” ಎಂದು ಕೇಳುವವರುಂಟು. ಪ್ರಶ್ನೆ ಚಿಕ್ಕದು. ಆದರೆ ನಮ್ಮ ಹಬ್ಬದ ಅರ್ಥವನ್ನು ಮಕ್ಕಳ ಕಣ್ಣಿಗೆ ತೋರಿಸುವ ವಸ್ತುವನ್ನು ಕುರಿತ ಪ್ರಶ್ನೆ ಅದಾದುದರಿಂದ, ಒಂದು ಕಾವ್ಯವನ್ನೋ ಚಿತ್ರವನ್ನೋ ಎದುರಿಗಿಟ್ಟುಕೊಂಡು ವಿಮರ್ಶಿಸುವಂತೆ ಇದನ್ನೂ ವಿಮರ್ಶಿಸುವುದು ಉಚಿತ. ಈ ಮರ ಎಲ್ಲಿಂದ ಬಂತು? ಯಾವುದರಿಂದ ಆಗಿದೆ? ಏನನ್ನು ನೆನಪಿಸುತ್ತದೆ, ಏನನ್ನು ಮರೆಸುತ್ತದೆ?

ಮರ ಬಂದ ದಾರಿ

ಮಧ್ಯಯುಗದ ಜರ್ಮನ್ ನಾಡಿನಲ್ಲಿ ಡಿಸೆಂಬರ್ 24 ಆದಾಮ-ಏವರ ನೆನಪಿನ ದಿನವಾಗಿತ್ತು. ಅಂದು ಆಡುತ್ತಿದ್ದ ಸ್ವರ್ಗೋದ್ಯಾನದ ನಾಟಕಗಳಲ್ಲಿ ಫರ್ ಮರವೊಂದಕ್ಕೆ ಸೇಬುಗಳನ್ನು ಕಟ್ಟಿ, ಅದನ್ನೇ ಏದೆನ್ ತೋಟದ ಮರವೆಂದು ತೋರಿಸುತ್ತಿದ್ದರು. ಚಳಿಗಾಲದಲ್ಲೂ ಎಲೆ ಉಳಿಸಿಕೊಂಡಿರುವ ಮರ ಅದಾದುದರಿಂದ ಆಯ್ಕೆ ಸಹಜವಾಗಿತ್ತು. 1605ರ ದಾಖಲೆಯೊಂದು, ಸ್ಟ್ರಾಸ್‌ಬರ್ಗ್ ಪಟ್ಟಣದ ಜನರು ಮನೆಯೊಳಗೆ ಫರ್ ಮರಗಳನ್ನು ನಿಲ್ಲಿಸಿ ಕಾಗದದ ಗುಲಾಬಿ, ಸೇಬು, ತೆಳು ರೊಟ್ಟಿಯ ಬಿಲ್ಲೆ ಮತ್ತು ಸಿಹಿತಿಂಡಿಗಳನ್ನು ತೂಗುಹಾಕುತ್ತಿದ್ದರೆಂದು ತಿಳಿಸುತ್ತದೆ. ಸೇಬು ಪಾಪದ ನೆನಪಾದರೆ, ರೊಟ್ಟಿಯ ಬಿಲ್ಲೆ ಪರಮಪ್ರಸಾದದ ನೆನಪು. ಪತನವೂ ರಕ್ಷಣೆಯೂ ಒಂದೇ ಕೊಂಬೆಯಲ್ಲಿ ತೂಗುತ್ತಿದ್ದವು.

ಈ ಪದ್ಧತಿ ಮೊದಲು ಬೇರೂರಿದ್ದು ಹೆಚ್ಚಾಗಿ ಪ್ರೊಟೆಸ್ಟೆಂಟ್ ಮನೆಗಳಲ್ಲಿ. ಕಥೋಲಿಕರ ಮನೆಗಳಲ್ಲಿ ಗೋದಲಿಗೇ ಪ್ರಾಶಸ್ತ್ಯವಿತ್ತು. 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ರಾಣಿ ವಿಕ್ಟೋರಿಯಾ ಮತ್ತು ರಾಜಕುಮಾರ ಆಲ್ಬರ್ಟರು ಮಕ್ಕಳೊಡನೆ ಮರದ ಸುತ್ತ ನಿಂತಿರುವ ಚಿತ್ರವನ್ನು ಅಚ್ಚು ಹಾಕಿದ ಮೇಲೆ ಇಂಗ್ಲಿಷರ ಲೋಕದಲ್ಲೆಲ್ಲ ಮರ ಹರಡಿತು. ರೋಮಿನ ಸಂತ ಪೇತ್ರರ ಚೌಕದಲ್ಲಿ ಮರ ನಿಂತದ್ದಾದರೋ 1982ರಲ್ಲಿ, ವಿಶ್ವಗುರು ಎರಡನೆಯ ಜಾನ್ ಪಾಲರ ಕಾಲದಲ್ಲಿ. ಯೆರೆಮೀಯ ಪ್ರವಾದಿ ಕಾಡಿನ ಮರವನ್ನು ಕಡಿದು ಬೆಳ್ಳಿ ಬಂಗಾರದಿಂದ ಸಿಂಗರಿಸುವವರನ್ನು ಖಂಡಿಸಿದ್ದಾನೆಂದು ಹೇಳಿ ಈ ಮರವನ್ನು ತಿರಸ್ಕರಿಸುವವರೂ ಇದ್ದಾರೆ. ಪ್ರವಾದಿಯ ಮಾತು ಮರದಿಂದ ಕೆತ್ತಿದ ವಿಗ್ರಹವನ್ನು ಕುರಿತದ್ದು. ಅವನ ಕಾಲಕ್ಕೆ ಕ್ರಿಸ್‌ಮಸ್ಸೇ ಇರಲಿಲ್ಲ. ಆ ವಾದವನ್ನು ಇಲ್ಲಿಗೇ ಬಿಡೋಣ.

ಕೃತಕ ಮರದ ಚರಿತ್ರೆಯೂ ಜರ್ಮನಿಯಿಂದಲೇ ಆರಂಭವಾಗುತ್ತದೆ. ಹಬ್ಬಕ್ಕಾಗಿ ಎಳೆಯ ಮರಗಳನ್ನು ಕಡಿಯುವುದರಿಂದ ಕಾಡು ಸವೆಯುತ್ತಿದೆಯೆಂಬ ಕಳವಳ ಹುಟ್ಟಿದಾಗ, 19ನೆಯ ಶತಮಾನದಲ್ಲಿ ಹೆಬ್ಬಾತಿನ ಗರಿಗಳಿಗೆ ಹಸಿರು ಬಣ್ಣ ಹಾಕಿ ತಂತಿಗೆ ಸುತ್ತಿ ಮರ ಕಟ್ಟಿದರು. 1930ರ ದಶಕದಲ್ಲಿ ಬ್ರಷ್ ತಯಾರಿಸುತ್ತಿದ್ದ ಅಡಿಸ್ ಎಂಬ ಕಂಪನಿ ಬ್ರಷ್ಷಿನ ಕೂದಲುಗಳಿಂದಲೇ ಮರ ಮಾಡಿತು. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಅಲ್ಯುಮಿನಿಯಮ್ ಹಾಳೆಯ ಹೊಳೆಯುವ ಮರಗಳು ಬಂದವು. 1965ರಲ್ಲಿ ಚಾರ್ಲಿ ಬ್ರೌನ್ ಎಂಬ ಹುಡುಗನ ಕಥೆಯ ದೂರದರ್ಶನ ಚಿತ್ರ ಅವುಗಳನ್ನು ಗೇಲಿ ಮಾಡಿದ ಮೇಲೆ ಅವುಗಳ ಮೋಹ ಇಳಿಯಿತು. ಆಮೇಲಿನದು ಪ್ಲಾಸ್ಟಿಕ್ಕಿನ ಯುಗ. ಕಾಡನ್ನು ಉಳಿಸುವ ಒಂದು ಸದಾಶಯದಿಂದ ಹುಟ್ಟಿದ ವಸ್ತು ಅಗ್ಗದ ಸರಕಾಗಿ ಮಾರ್ಪಟ್ಟ ಕಥೆಯಿದು.

ವಸ್ತುವಿನ ಸತ್ಯ

ನಮ್ಮ ಅಂಗಡಿಗಳಲ್ಲಿ ಸಿಗುವ ಬಹುಪಾಲು ಮರಗಳು ಪಿವಿಸಿಯವು. ತೆಳುವಾದ ಪಿವಿಸಿ ಹಾಳೆಯನ್ನು ಸಣ್ಣ ಎಳೆಗಳಾಗಿ ಸೀಳಿ, ಎರಡು ತಂತಿಗಳ ನಡುವೆ ಇಟ್ಟು ಹುರಿ ಮಾಡಿದರೆ ಕೊಂಬೆ ಸಿದ್ಧ; ಬಾಟಲಿ ತೊಳೆಯುವ ಬ್ರಷ್ಷನ್ನು ಮಾಡುವ ವಿಧಾನವೇ ಇದು. ಹೆಚ್ಚು ಬೆಲೆಯವುಗಳಲ್ಲಿ ಪಾಲಿಥೀನನ್ನು ಅಚ್ಚಿಗೆ ಹೊಯ್ದು ನಿಜವಾದ ಎಲೆಯ ಆಕಾರವನ್ನೇ ತೆಗೆದಿರುತ್ತಾರೆ. ಪಿವಿಸಿ ಮರವನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷಗಳು ಹೊರಡುತ್ತವೆ. ತಂತಿ ಮತ್ತು ಪ್ಲಾಸ್ಟಿಕ್ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದನ್ನು ಬೇರ್ಪಡಿಸಿ ಮತ್ತೆ ಬಳಸುವುದೂ ಕಷ್ಟ. ಮೂಲೆಯ ಖಾಲಿ ನಿವೇಶನದಲ್ಲಿ ಕಸದ ಜೊತೆಗೆ ಅದಕ್ಕೆ ಬೆಂಕಿ ಇಟ್ಟರೆ, ಆ ಹೊಗೆಯನ್ನು ಮೊದಲು ಕುಡಿಯುವವರು ಬೆಳಗಿನ ಜಾವ ಬೀದಿ ಗುಡಿಸಲು ಬರುವ ಪೌರಕಾರ್ಮಿಕರು.

ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಸಂಸ್ಥೆಯ ಅಂದಾಜಿನಂತೆ ಎರಡು ಮೀಟರ್ ಎತ್ತರದ ಕೃತಕ ಮರವೊಂದರ ಇಂಗಾಲದ ಹೊರೆ ಸುಮಾರು 40 ಕಿಲೋಗ್ರಾಂ. ಅಷ್ಟೇ ಎತ್ತರದ ನಿಜವಾದ ಮರವನ್ನು ಹಬ್ಬದ ನಂತರ ಕಸದ ಗುಂಡಿಯಲ್ಲಿ ಕೊಳೆಯಲು ಬಿಟ್ಟರೆ ಸುಮಾರು 16 ಕಿಲೋಗ್ರಾಂ, ಸುಟ್ಟರೆ ಸುಮಾರು ಮೂರೂವರೆ ಕಿಲೋಗ್ರಾಂ. ಹೀಗಾಗಿ ಕೃತಕ ಮರ ತನ್ನ ಹೊರೆಯನ್ನು ತೀರಿಸಬೇಕಾದರೆ ಹತ್ತು ಹನ್ನೆರಡು ಕ್ರಿಸ್‌ಮಸ್‌ಗಳಾದರೂ ಅದೇ ಮನೆಯಲ್ಲಿ ನಿಲ್ಲಬೇಕು. ಈ ಲೆಕ್ಕ ಫರ್ ಮರವನ್ನು ತೋಟದ ಬೆಳೆಯಂತೆ ಬೆಳೆಯುವ ನಾಡಿನದು, ನಮ್ಮದಲ್ಲ. ಆದರೂ ಅದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಕೃತಕ ಮರದ ಒಳಿತು ಕೆಡುಕುಗಳನ್ನು ನಿರ್ಧರಿಸುವುದು ಅದನ್ನು ಕೊಳ್ಳುವ ದಿನಕ್ಕಿಂತ ಹೆಚ್ಚಾಗಿ ಅದನ್ನು ಇಟ್ಟುಕೊಳ್ಳುವ ವರ್ಷಗಳು.

ಇದೆಲ್ಲ ಪರಿಸರವಾದಿಗಳ ಮಾತು, ಧರ್ಮಕ್ಕೆ ಏಕೆ ಎನ್ನುವಿರಾ? ವಾಕ್ಯವೇ ಮನುಷ್ಯನಾಗಿ ಜನಿಸಿತೆಂದು ಸಾರುವ ಹಬ್ಬವನ್ನಲ್ಲವೇ ನಾವು ಆಚರಿಸುತ್ತಿರುವುದು? ದೇವರು ರಕ್ತಮಾಂಸವನ್ನು, ಹುಲ್ಲನ್ನು, ಮರದ ಗೋದಲಿಯನ್ನು ಆರಿಸಿಕೊಂಡನು. ಭೌತಿಕ ವಸ್ತುವಿಗೆ ಇದಕ್ಕಿಂತ ದೊಡ್ಡ ಗೌರವ ಸಂದಿಲ್ಲ. ಆದುದರಿಂದ ವಸ್ತು ಯಾವುದು, ಅದು ಎಲ್ಲಿಂದ ಬಂತು, ಕೊನೆಗೆ ಯಾರ ಅಂಗಳಕ್ಕೆ ಹೋಗಿ ಬೀಳುತ್ತದೆ ಎಂದು ಕೇಳುವುದು ಈ ಹಬ್ಬದ ಧ್ಯಾನದೊಳಗಿನ ಪ್ರಶ್ನೆಯೇ ಆಗಿದೆ. ವಿಶ್ವಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ನಮ್ಮ ಮುಂದಿಟ್ಟ ಎಸೆಯುವ ಸಂಸ್ಕೃತಿಯ ವಿಮರ್ಶೆಯೂ ಇದೇ.

“ಗೋದಲಿಯ ಬಾಲಯೇಸುವೂ ಪ್ಲಾಸ್ಟರಿನದೇ ಅಲ್ಲವೇ?” ಎಂದು ನೀವು ಕೇಳಬಹುದು. ಆಕ್ಷೇಪ ನ್ಯಾಯವಾದದ್ದು. ಆದರೆ ಪ್ಲಾಸ್ಟರಿನ ಪ್ರತಿಮೆ ತಾನು ಜೀವಂತ ಶಿಶುವೆಂದು ನಟಿಸುವುದಿಲ್ಲ. ಅದು ಸಂಕೇತವೆಂದು ಪುಟ್ಟ ಮಗುವಿಗೂ ಗೊತ್ತು. ಪ್ಲಾಸ್ಟಿಕ್ ಮರವನ್ನು ಮಾತ್ರ “ನಿಜವಾದದ್ದರ ಹಾಗೆಯೇ ಇದೆ” ಎಂದು ಹೊಗಳಿ ಮಾರುತ್ತಾರೆ. ನಾವೂ ಅದೇ ಗುಣಕ್ಕೆ ಹೆಚ್ಚು ಹಣ ಕೊಡುತ್ತೇವೆ. ಗರಿಯ ಮರ ತಾನು ಗರಿಯೆಂಬುದನ್ನು ಮುಚ್ಚಿಡಲಿಲ್ಲ. ಈಗಿನದಕ್ಕೆ ಹಿಮದ ಬಣ್ಣವೂ ಬೇಕು, ಅಂಟಿನ ಪರಿಮಳವೂ ಬೇಕು. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರು ನಾವು; ಡಿಸೆಂಬರಿನ ಒಣ ಬಿಸಿಲಿನಲ್ಲಿ ಹತ್ತಿಯನ್ನು ಹಿಂಜಿ ಹಿಮವೆಂದು ಮರಕ್ಕೆ ಅಂಟಿಸುತ್ತೇವೆ. ದೀಪದ ಸರದ ಪಕ್ಕದಲ್ಲಿ ಆ ಹತ್ತಿ ಅಪಾಯಕಾರಿಯೂ ಹೌದು.

ಹರಿಹರದ ನೆನಪು

ಮರವನ್ನು ಕುರಿತು ನಮ್ಮ ಸೀಮೆಯವರಿಗೆ ಪಾಠ ಹೇಳಲು ಜರ್ಮನಿಯವರು ಬರಬೇಕಾಗಿಲ್ಲ. ಹರಿಹರದಿಂದ ತುಂಗಭದ್ರೆಯನ್ನು ದಾಟಿದರೆ ಕುಮಾರಪಟ್ಟಣ. ಅಲ್ಲಿ 1970ರ ದಶಕದಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಮರದಿಂದ ರೇಯಾನ್ ಬಟ್ಟೆಗೆ ಬೇಕಾದ ತಿರುಳನ್ನು ತಯಾರಿಸುತ್ತದೆ. ಅದಕ್ಕೆ ಮರ ಒದಗಿಸಲೆಂದು 1984ರಲ್ಲಿ ರಾಜ್ಯ ಸರ್ಕಾರ ಅದರೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಕಟ್ಟಿತು. ಸುತ್ತಲ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರಗಳನ್ನು ಬೆಳೆಸುವುದು ಯೋಜನೆ. ಅದೇ ಭೂಮಿಯಲ್ಲಿ ಬಡವರ ದನಕರುಗಳಿಗೆ ಮೇವಿತ್ತು, ಒಲೆಗೆ ಪುಳ್ಳೆಯಿತ್ತು. ಡಾ. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆ ಹೋದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ದೂರದಿಂದ ನೋಡಿದರೆ ನೀಲಗಿರಿಯ ತೋಪೂ ಹಸಿರೇ. ಹಳ್ಳಿಯ ಜನ ಹತ್ತಿರ ಹೋಗಿ ಕೇಳಿದ ಪ್ರಶ್ನೆ ಬೇರೆ: ಈ ಹಸಿರು ಯಾರಿಗೆ ಮೇವು, ಯಾರಿಗೆ ನೆರಳು, ಯಾರಿಗೆ ಹಣ್ಣು? ನಮ್ಮ ನಡುಮನೆಯ ಹಸಿರನ್ನೂ ಇದೇ ಪ್ರಶ್ನೆಯಿಂದ ಪರೀಕ್ಷಿಸಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯ. ಇದು ನಮ್ಮ ಪೀಡೆಯಷ್ಟೇ ಎಂದುಕೊಳ್ಳಬೇಡಿ. 2024ರಲ್ಲಿ ಸಂತ ಪೇತ್ರರ ಚೌಕಕ್ಕೆಂದು ಇಟಲಿಯ ಲೆದ್ರೋ ಕಣಿವೆಯಿಂದ 29 ಮೀಟರ್ ಎತ್ತರದ ಫರ್ ಮರವನ್ನು ಕಡಿದು ತರುವುದನ್ನು ವಿರೋಧಿಸಿ ಸಾವಿರಾರು ಜನ ಸಹಿ ಹಾಕಿದ್ದರು.

ಗೋದಲಿಗೆ ಮೊದಲ ಸ್ಥಾನ

ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಗೋದಲಿಯನ್ನು ರಚಿಸಿದ್ದು 1223ರಲ್ಲಿ. ಹೊಯ್ಸಳರ ದಂಡನಾಯಕ ಪೋಲಾಳ್ವನು ಹರಿಹರೇಶ್ವರನ ದೇಗುಲವನ್ನು ಕಟ್ಟಿಸಿದ್ದೂ ಸರಿಸುಮಾರು ಆ ವರ್ಷಗಳಲ್ಲೇ. ಅದೇ ಹರಿಹರದಲ್ಲಿ 2019ರಲ್ಲಿ ಬಸಿಲಿಕಾ ಪದವಿಗೇರಿದ ಆರೋಗ್ಯಮಾತೆಯ ದೇವಾಲಯಕ್ಕೆ ಎಲ್ಲ ಧರ್ಮಗಳವರೂ ಬರುತ್ತಾರೆ. ಅದೇ ವರ್ಷ ಡಿಸೆಂಬರ್ 1ರಂದು ವಿಶ್ವಗುರು ಫ್ರಾನ್ಸಿಸರು ಗ್ರೆಚ್ಚೋಗೆ ಹೋಗಿ ಗೋದಲಿಯ ಅರ್ಥವನ್ನು ಕುರಿತ ಪ್ರೇಷಿತ ಪತ್ರಕ್ಕೆ ಸಹಿ ಮಾಡಿದರು. ಕುಟುಂಬಗಳು ಈ ಸಂಪ್ರದಾಯವನ್ನು ಉಳಿಸಿಕೊಳ್ಳಬೇಕೆಂಬುದು ಅವರ ಹಂಬಲವಾಗಿತ್ತು.

ನನ್ನ ಮುಖ್ಯ ಆಕ್ಷೇಪವಿರುವುದು ಇಲ್ಲಿ. ಹಬ್ಬದ ದಿನಗಳಲ್ಲಿ ಮನೆಗಳನ್ನು ಆಶೀರ್ವದಿಸಲು ಹೋದಾಗ ಕಾಣುವ ದೃಶ್ಯವೆಂದರೆ, ಮರ ಕಿಟಕಿಯ ಪಕ್ಕದಲ್ಲಿ ಬೀದಿಗೆ ಕಾಣುವಂತೆ ನಿಂತಿರುತ್ತದೆ. ಗೋದಲಿ ಅದರ ಕಾಲಬುಡದಲ್ಲಿ ಉಡುಗೊರೆಯ ಪೊಟ್ಟಣಗಳ ಹಿಂದೆ ಅಡಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಗೋದಲಿಯನ್ನು ಕಟ್ಟಲು ಮನೆಮಂದಿಯೆಲ್ಲ ಕೂಡಬೇಕು. ಮಣ್ಣು ತರಬೇಕು, ತಟ್ಟೆಯಲ್ಲಿ ರಾಗಿಯನ್ನು ಚೆಲ್ಲಿ ದಿನವೂ ನೀರು ಚಿಮುಕಿಸಿ ಪೈರು ಬರಿಸಬೇಕು, ಹುಲ್ಲು ಹೊದಿಸಬೇಕು. ಆ ಕಾಯುವಿಕೆಯೇ ಆಗಮನ ಕಾಲದ ಶಿಕ್ಷಣ. ಪೆಟ್ಟಿಗೆಯ ಮರವಾದರೋ ಅರ್ಧ ಗಂಟೆಯಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಮಗುವಿಗೆ ಕಾಯುವುದನ್ನು ಕಲಿಸಲು ಅದಕ್ಕೆ ಬರುವುದಿಲ್ಲ.

ಹಾಗೆಂದು ಮರವನ್ನು ಹೊರಗೆ ಹಾಕಿ ಎನ್ನುತ್ತಿಲ್ಲ. ಜನರ ಭಕ್ತಿಯನ್ನು ಕುರಿತು 2001ರಲ್ಲಿ ರೋಮ್ ಹೊರಡಿಸಿದ ಮಾರ್ಗದರ್ಶಿ ಈ ಮರದಲ್ಲಿ ಏದೆನ್ನಿನ ಜೀವವೃಕ್ಷವನ್ನೂ ಶಿಲುಬೆಯ ಮರವನ್ನೂ ಕಾಣಬಹುದೆನ್ನುತ್ತದೆ. ಮರದ ಬುಡದಲ್ಲಿ ಇಡುವ ಕಾಣಿಕೆಗಳಲ್ಲಿ ಬಡವರ ಪಾಲನ್ನು ಮರೆಯಬಾರದೆಂದೂ ಎಚ್ಚರಿಸುತ್ತದೆ. ಬಾಡಿಗೆಯ ಮೂರನೆಯ ಮಹಡಿಯಲ್ಲಿ ಒಂದು ಹಿಡಿ ಮಣ್ಣಿಗೂ ಜಾಗವಿಲ್ಲದವರಿದ್ದಾರೆ. ಮಕ್ಕಳೆಲ್ಲ ಪರದೇಶದಲ್ಲಿದ್ದು, ಅವರು ಚಿಕ್ಕವರಾಗಿದ್ದಾಗ ತಂದ ಹಳೆಯ ಪ್ಲಾಸ್ಟಿಕ್ ಮರವನ್ನೇ ಪ್ರತಿವರ್ಷ ಅಟ್ಟದಿಂದ ಇಳಿಸಿ ಒರೆಸಿ ನಿಲ್ಲಿಸುವ ವೃದ್ಧ ದಂಪತಿಗಳಿದ್ದಾರೆ. ಅಂಥ ಮರ ಇಷ್ಟು ವರ್ಷಗಳ ಪ್ರೀತಿಯಿಂದ ಬೇರು ಬಿಟ್ಟಿದೆ. ಅದನ್ನು ಟೀಕಿಸಲು ನನಗೆ ಮನಸ್ಸಿಲ್ಲ.

ಯಾವುದನ್ನು ಆರಿಸಬೇಕು?

ಈಗಾಗಲೇ ಮನೆಯಲ್ಲಿ ಕೃತಕ ಮರವಿದ್ದರೆ ಅದನ್ನೇ ಉಳಿಸಿಕೊಳ್ಳಿ. ಬಣ್ಣ ಮಾಸಿತೆಂದು ಹೊಸದನ್ನು ತರಬೇಡಿ. ಹೊಸದಾಗಿ ಕೊಳ್ಳಲೇಬೇಕಾದವರು ಎತ್ತರವನ್ನು ಅಳೆಯುವ ಮೊದಲು ಅದನ್ನು ವರ್ಷದ ಹನ್ನೊಂದು ತಿಂಗಳು ಇಡುವ ಜಾಗವನ್ನು ಅಳೆಯಿರಿ. ಜಾಗವಿಲ್ಲದ ಮರ ಎರಡನೆಯ ವರ್ಷವೇ ಬೀದಿಗೆ ಬೀಳುತ್ತದೆ. ಕೊಂಬೆಯನ್ನು ಎರಡು ಬಾರಿ ಬಗ್ಗಿಸಿ ನೋಡಿ, ಎಳೆ ಉದುರಿದರೆ ಬಿಡಿ. ಕಾಲು ಕಬ್ಬಿಣದ್ದಾಗಿರಲಿ. ಪಿವಿಸಿಗಿಂತ ಅಚ್ಚಿನ ಪಾಲಿಥೀನಿನದು ಬಾಳಿಕೆ ಬರುವುದಾದರೂ, ಅದಕ್ಕಾಗಿ ಸಾಲ ಮಾಡಬೇಡಿ. ಹಿಮ ಬಳಿದದ್ದು ನಮ್ಮ ಬಯಲುಸೀಮೆಗೆ ಬೇಡ. ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಲ್ಲಿ ನಿಷಿದ್ಧ ಎಂಬುದನ್ನೂ ನೆನಪಿಡಿ. ಗೋದಲಿಯ ಗವಿಯನ್ನು ಅದರಿಂದ ಮಾಡುವ ಅಭ್ಯಾಸವನ್ನು ಬಿಡೋಣ.

ಅಂಗಳವಿರುವವರಿಗೆ ಬೇರೆ ದಾರಿಯಿದೆ. ಸಸ್ಯಕ್ಷೇತ್ರಗಳಲ್ಲಿ ಕ್ರಿಸ್‌ಮಸ್ ಗಿಡವೆಂದೇ ಮಾರುವ ಅರೌಕೇರಿಯ ನೋಡಲು ಚೆಂದ. ಆದರೆ ಅದು ಪೆಸಿಫಿಕ್ ದ್ವೀಪಗಳ ಮೂಲದ್ದು, ಮುಂದೆ ಮಹಡಿಗಳನ್ನು ಮೀರಿ ಬೆಳೆಯುವಂಥದ್ದು. ಸಣ್ಣ ನಿವೇಶನಕ್ಕೆ ಒಗ್ಗದು. ಜರ್ಮನ್ ಕ್ರೈಸ್ತರು ಮಾಡಿದ್ದೇನು? ತಮ್ಮ ಬಾಗಿಲ ಮುಂದಿನ ಮರವನ್ನು ಒಳಕ್ಕೆ ಕರೆದು ಅದಕ್ಕೆ ಸುವಾರ್ತೆಯ ಅರ್ಥ ಕೊಟ್ಟರು. ನಾವು ಅವರ ಮರದ ಆಕಾರವನ್ನು ಪ್ಲಾಸ್ಟಿಕ್ಕಿನಲ್ಲಿ ನಕಲು ಮಾಡುತ್ತಿದ್ದೇವೆ; ಅನುಸರಿಸಬೇಕಾದದ್ದು ಅವರ ಆ ಕ್ರಿಯೆಯನ್ನು. ಕುಂಡದಲ್ಲಿ ಬೆಳೆದ ನಿಂಬೆಯ ಗಿಡವೋ ಮಾವಿನ ಸಸಿಯೋ ದಾಳಿಂಬೆಯೋ ಏಕೆ ನಮ್ಮ ಕ್ರಿಸ್‌ಮಸ್ ಮರವಾಗಬಾರದು? ಅದಕ್ಕೆ ನಾಲ್ಕು ದೀಪ, ಕಾಗದದ ಒಂದು ನಕ್ಷತ್ರ ಸಾಕು. ಮೂರು ರಾಯರ ಹಬ್ಬ ಕಳೆದ ಮೇಲೆ ಅದು ಅಂಗಳಕ್ಕೋ ಶಾಲೆಯ ಬಯಲಿಗೋ ಹೋಗಿ ನೆಲ ಹಿಡಿಯಲಿ.

ಕಡಿದ ಬುಡದಿಂದ ಚಿಗುರೊಂದು ಒಡೆಯುವುದೆಂದು ಯೆಶಾಯ ಪ್ರವಾದಿ ಕಂಡ ದರ್ಶನವನ್ನು ಧರ್ಮಸಭೆ ಪ್ರತಿ ಆಗಮನ ಕಾಲದಲ್ಲೂ ಧ್ಯಾನಿಸುತ್ತದೆ. ಪ್ರವಾದಿಗೆ ಕಂಡದ್ದು ಬೆಳೆದು ನಿಂತ ಮರವಲ್ಲ, ಇನ್ನೂ ನೀರು ಬೇಡುವ ಎಳೆಯ ಚಿಗುರು. ಈ ವರ್ಷ ಮರಕ್ಕೆಂದು ಎತ್ತಿಟ್ಟ ಹಣದಲ್ಲಿ ಒಂದು ಭಾಗವನ್ನು, ನಿಮ್ಮ ಮನೆಯ ಕೆಲಸಕ್ಕೆ ಬರುವ ತಾಯಿಯ ಮಕ್ಕಳಿಗೆ ಹೊಸ ಬಟ್ಟೆ ತರಲು ಬೇರೆಯಾಗಿ ಇಡಿ. ಅದನ್ನು ಡಿಸೆಂಬರ್ 24ರ ರಾತ್ರಿಗೆ ಮೊದಲೇ ತಲುಪಿಸಿ. ಅವರಿಗೂ ಹಬ್ಬದ ಮುಂಜಾನೆ ಉಟ್ಟುಕೊಳ್ಳಲು ಹೊತ್ತು ಬೇಕಲ್ಲವೇ?