ರಿಸೆಪ್ಶನ್ ಮೇಜಿನ ಮೇಲೆ ಚೀಸ್

ಮುಂಬೈಯ ಘಾಟ್ಕೋಪರ್ ಪೂರ್ವದ ರಿಸೆಪ್ಶನ್‌ಗಳಲ್ಲಿ ಚಾಟ್, ದೋಸೆ ಕೌಂಟರ್‌ಗಳ ಪಕ್ಕ ಈಗ ಚೀಸ್ ಮೇಜೂ ಬಂದು ಕೂತಿದೆ. ಮರದ ಹಲಗೆ, ಕಪ್ಪು ದ್ರಾಕ್ಷಿ, ಬಿಸ್ಕತ್ತು, ಐದಾರು ಬಗೆಯ ಚೀಸ್ ತುಂಡುಗಳು. ನೋಡಲು ಚೆಂದ, ಫೋಟೋದಲ್ಲಿ ಇನ್ನೂ ಚೆಂದ. ತಿನ್ನುವವರು ಮಾತ್ರ ಕಡಿಮೆ.

ಇಲ್ಲಿಯವರಿಗೆ ಚೀಸ್ ಸೇರುವುದಿಲ್ಲ ಎನ್ನುವಂತಿಲ್ಲ. ವಲ್ಲಭಬಾಗ್ ಲೇನಿನ ಖಾವು ಗಲ್ಲಿಗೆ ಹೋಗಿ ಜಿನಿ ದೋಸೆಯವನ ಕಾವಲಿ ನೋಡಿ. ಬೆಣ್ಣೆ, ಕ್ಯಾಪ್ಸಿಕಂ, ಶೇಜ್ವಾನ್ ಚಟ್ನಿಯನ್ನು ದೋಸೆಯ ಮೇಲೆಯೇ ಅರೆದು ಹರಡಿ, ಅಮುಲ್ ಗಟ್ಟಿಯನ್ನು ತುರಿಮಣೆಗೆ ಒತ್ತಿ, ದೋಸೆ ಮುಚ್ಚಿಹೋಗುವಷ್ಟು ತುರಿಯುತ್ತಾನೆ. ಸುರುಳಿ ಸುತ್ತಿ, ತುಂಡರಿಸಿ, ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ ಮೇಲೆ ಇನ್ನೊಂದು ಹಿಡಿ ಉದುರಿಸುತ್ತಾನೆ. ಉಡುಪಿ ಹೋಟೆಲಿನ ಹಳೇ ಭಟ್ಟರು ಕಂಡರೆ ಮುಖ ಸಿಂಡರಿಸಿಯಾರು, ಗಿರಾಕಿಗಳ ಸಾಲಂತೂ ಕರಗುವುದಿಲ್ಲ.

ಮೇಜು ಸೋಲುವುದು ಅತಿಥಿಗಳ ಮುಖ ನೋಡದೆ ಚೀಸ್ ಆರಿಸಿದ್ದರಿಂದ. ಪಂತ್‌ನಗರದ ಕನ್ನಡ ಮನೆಯ ಮದುವೆಯಾದರೂ ಸಂಜೆಗೆ ಬರುವವರಲ್ಲಿ ಗುಜರಾತಿಗಳು, ಜೈನರು ಬೇಕಾದಷ್ಟು: ಸೊಸೈಟಿಯ ನೆರೆಯವರು, ಆಫೀಸಿನವರು, ಮಕ್ಕಳ ಗೆಳೆಯರು. ಅವರ ಕಣ್ಣಿನಿಂದ ಆ ಹಲಗೆಯನ್ನು ನೋಡಬೇಕು. ಬ್ರೀ ಚೀಸಿನ ಬಿಳಿ ಹೊದಿಕೆ ಬೂಷ್ಟು, ನೀಲಿ ಚೀಸಿನ ಗೆರೆಯೂ ಬೂಷ್ಟೇ. ಪಾರ್ಮಿಜಾನೊ ರೆಜ್ಜಾನೊ ತಯಾರಿಸಲು ಇಟಲಿಯ ನಿಯಮದ ಪ್ರಕಾರ ಕರುವಿನ ಜಠರದಿಂದ ತೆಗೆದ ಹೆಪ್ಪನ್ನೇ ಬಳಸಬೇಕು. ಜೈನರಿಗಷ್ಟೇ ಅಲ್ಲ, ನಮ್ಮ ಶಾಕಾಹಾರಿ ನೆಂಟರಿಗೂ ಅದು ಸಲ್ಲದು. ಜೊತೆಗಿಟ್ಟ ಜೇನು ವರ್ಜ್ಯ, ಒಳಗೆಲ್ಲ ಬೀಜ ತುಂಬಿದ ಅಂಜೂರವೂ ವರ್ಜ್ಯ. ಹೀಗೆ ಒಂದೊಂದನ್ನೇ ತೆಗೆದರೆ ಹಲಗೆಯಿಂದ ಮೊದಲು ಇಳಿಯುವುದು ಅತಿ ದುಬಾರಿಯಾದ ತುಂಡುಗಳೇ! ಉಳಿಯುವುದು ಗೌಡಾ, ಚೆಡ್ಡಾರ್, ಪುಟ್ಟ ಮೊಜ್ಜರೆಲ್ಲಾ ಉಂಡೆಗಳು, ಹಲೂಮಿ. ಸೂಕ್ಷ್ಮಜೀವಿಗಳಿಂದ ಪಡೆದ ಹೆಪ್ಪು ಹಾಕಿ ದೇಶದಲ್ಲೇ ಮಾಡಿದವು ಸಿಗುತ್ತವೆ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಆಮದಿನ ಚೀಸಿಗಿಂತ ಬೆಲೆಯೂ ಎಷ್ಟೋ ಕಡಿಮೆ.

ಇವುಗಳಲ್ಲಿ ನನ್ನ ಓಟು ಜೀರಿಗೆ ಹಾಕಿದ ಗೌಡಾಗೆ. ಪರಿಚಿತ ಘಮ, ತೀರಾ ಉಪ್ಪಲ್ಲ, ತೆಳ್ಳಗೆ ತ್ರಿಕೋನವಾಗಿ ಕತ್ತರಿಸಿದರೆ ತಟ್ಟೆಯಲ್ಲಿ ಸೊಗಸಾಗಿ ಕಾಣುತ್ತದೆ. ಹಳೆಯ ಚೆಡ್ಡಾರ್‌ನ ಪಕ್ಕ ಜೇನಿನ ಬದಲು ಗುಜರಾತಿಗಳ ಛುಂದೋ, ಬಿಸ್ಕತ್ತಿನ ಬದಲು ಖಾಖರಾ ಇಡಿ. ಮಾವಿನಕಾಯಿಯ ಹುಳಿಸಿಹಿ ಚೀಸಿನ ಜಿಡ್ಡನ್ನು ಕತ್ತರಿಸುತ್ತದೆ. ಹಲೂಮಿ ಬಿಸಿಗೆ ಕರಗದು, ಕಾವಲಿಯಲ್ಲಿ ಕಂದು ಬಣ್ಣಕ್ಕೆ ತಿರುಗಿಸಿ ಬಿಸಿಬಿಸಿ ಕೊಡಬಹುದು. ಬುರಾಟಾ ಬೇಡ. ಬೆಂಗಳೂರಿನ ವಲ್ಲೊಂಬ್ರೊಸಾ ಮಠದ ಸನ್ಯಾಸಿಗಳು ಮಾಡುವಷ್ಟು ಒಳ್ಳೆಯದೇ ತಂದರೂ ಬಫೆಯಲ್ಲಿ ಅದಕ್ಕೆ ಗತಿಯಿಲ್ಲ. ಮೊದಲ ಅತಿಥಿ ಚಮಚ ಹಾಕಿದ ಕೂಡಲೇ ಕೆನೆ ಹರಿದು ತಟ್ಟೆ ರಾಡಿಯಾಗುತ್ತದೆ, ಎರಡನೆಯವರು ಮುಟ್ಟುವುದಿಲ್ಲ.

ಪ್ರೊಸೆಸ್ಡ್ ಚೀಸನ್ನು ಹೀಗಳೆಯುವುದು ಈಗಿನ ಫ್ಯಾಷನ್. 1916ರಲ್ಲಿ ಅಮೆರಿಕದ ಜೇಮ್ಸ್ ಕ್ರಾಫ್ಟ್ ಪೇಟೆಂಟ್ ಪಡೆದ ಈ ಬಗೆ ಕೆಡದೆ ಉಳಿಯಲೆಂದೇ ಹುಟ್ಟಿದ್ದು. ಅದರಲ್ಲಿ ಬೆರೆಸುವ ಲವಣಗಳಿಂದ ಎಣ್ಣೆ ಬೇರೆಯಾಗದೆ ನಯವಾಗಿ ಕರಗುತ್ತದೆ. ಹಾಗಾಗಿ ಬಿಸಿ ದೋಸೆಗೆ ಅದು ಸರಿ, ತಣ್ಣನೆಯ ಹಲಗೆಯ ಮೇಲೆ ರಬ್ಬರು. ಹಳೇ ಪಾರ್ಟಿಗಳ ಅನಾನಸ್, ಚೀಸ್, ಚೆರ್ರಿ ಕಡ್ಡಿಯನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ, ಮಕ್ಕಳು ಅದನ್ನೇ ಹುಡುಕುತ್ತಾರೆ.

ಅಗ್ಗದ ಹೆಸರಿನಲ್ಲಿ ಬರುವ ಅನಲಾಗ್ ಬೇರೆ ಜಾತಿ. ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯದ ಎಣ್ಣೆ. ಕೇಟರರ್ ಪ್ಲೇಟಿನ ದರ ಇದ್ದಕ್ಕಿದ್ದಂತೆ ಇಳಿಸಿದರೆ ಪೊಟ್ಟಣ ತರಿಸಿ ಓದಿ, ಸಂಕೋಚ ಬೇಡ.

ಮುಂಬೈಯದೇ ಸೊಗಸು ಬೇಕೆನ್ನುವವರಿಗೆ ಪಾರ್ಸಿಗಳ ಟೋಪ್ಲಿ ಪನೀರ್ ಇದೆ. ಬುಟ್ಟಿಯ ಹೆಣಿಗೆಯ ಗುರುತು ಮೈಮೇಲೆ ಹೊತ್ತು ಉಪ್ಪು ನೀರಿನಲ್ಲಿ ತೇಲುವ ಮೆತ್ತನೆಯ ಉಂಡೆ. ಪಾರ್ಸಿಗಳ ಮದುವೆ ಊಟಕ್ಕೆ ಅದು ಹೊಸತಲ್ಲ. ಹಳೆಯ ಪದ್ಧತಿಯಲ್ಲಿ ಪ್ರಾಣಿಜನ್ಯ ಹೆಪ್ಪು ಹಾಕುತ್ತಿದ್ದರು, ಹಾಗಾಗಿ ತಯಾರಿಸುವವರನ್ನು ಕೇಳಿಯೇ ತರಬೇಕು.

ಲೆಕ್ಕ ಇಷ್ಟೇ: ತಲೆಗೆ ಮೂವತ್ತು ಗ್ರಾಂ. ಮುನ್ನೂರು ಜನರಿಗೆ ಒಂಬತ್ತು ಕಿಲೋ ಆಗುತ್ತದೆ, ಎಲ್ಲರೂ ಮೇಜಿನ ಹತ್ತಿರ ಬರುವುದಿಲ್ಲವಾದ್ದರಿಂದ ಏಳು ಸಾಕು. ಒಟ್ಟಿಗೆ ಹೊರಗಿಡಬೇಡಿ. ಮುಂಬೈ ಸೆಕೆಯಲ್ಲಿ ಚೆಡ್ಡಾರ್ ಬೇಗನೆ ಎಣ್ಣೆ ಬೆವರುತ್ತದೆ. ಕಿಲೋ ಕಿಲೋ ಫ್ರಿಜ್ಜಿನಿಂದ ತೆಗೆದು ಕತ್ತರಿಸಲು ಒಬ್ಬ ಹುಡುಗ ಬೇಕು. ಕಾರ್ಡಿನಲ್ಲಿ ಏಳೂವರೆ ಎಂದಿದ್ದರೂ ಜೈನರಿಗಾಗಿ ಚೌವಿಹಾರ್ ಊಟದ ಮೇಜು ಸೂರ್ಯಾಸ್ತಕ್ಕೆ ಮೊದಲೇ ತೆರೆಯುತ್ತದಲ್ಲ, ಚೀಸಿನ ಮೊದಲ ತಟ್ಟೆಯನ್ನೂ ಆಗಲೇ ಅಲ್ಲಿಗೆ ಕಳಿಸಬೇಕು. ಕಟ್ಟುನಿಟ್ಟಿನವರು ಹಿಂದಿನ ದಿನಗಳ ಚೀಸ್ ಮುಟ್ಟುವುದಿಲ್ಲ, ಉಳಿದವರು ಖಾಖರಾ ಮುರಿದು ಶುರುಮಾಡುತ್ತಾರೆ.