ಮನೆ ಮಾಲೀಕರ ಮೂಗು

ನಿಕೋಲಸ್ ಖಾರ್ಕೊಂಗೊರ್ ಬರೆದು ನಿರ್ದೇಶಿಸಿದ ‘ಅಖುನಿ’ ಚಿತ್ರ ಶುರುವಾಗುವುದೇ ಕಳ್ಳಮಾಲಿನ ವ್ಯವಹಾರದ ಧಾಟಿಯಲ್ಲಿ. ಈಶಾನ್ಯ ರಾಜ್ಯಗಳಿಂದ ದೆಹಲಿಗೆ ಬಂದ ಕೆಲವು ಹುಡುಗ ಹುಡುಗಿಯರು ಅತ್ತಿತ್ತ ಕಣ್ಣು ಹಾಯಿಸುತ್ತ ಒಂದು ಪೊಟ್ಟಣ ಕೊಳ್ಳುತ್ತಾರೆ. ಅದರಲ್ಲಿರುವುದು ಹಂದಿಮಾಂಸ. ಗೆಳತಿ ಮಿನಾಮ್‌ಳ ಮದುವೆಗೆ ಅವರು ಅಖುನಿ ಹಾಕಿದ ಹಂದಿಮಾಂಸದ ಅಡುಗೆ ಮಾಡಬೇಕು. ಅಖುನಿ ಎಂದರೆ ಹುದುಗು ಬರಿಸಿದ ಸೋಯಾ ಕಾಳು, ಅದರ ವಾಸನೆ ಗಾಢ. ಅವರಿರುವ ಬಾಡಿಗೆ ಮನೆಯ ಒಡತಿಗೆ ಆ ವಾಸನೆ ಸುತರಾಂ ಆಗದು. ಒಂದೇ ದಿನದಲ್ಲಿ ಮುಗಿಯುವ ಕತೆ. ಅಷ್ಟೂ ಹೊತ್ತು ಒಂದು ಪಾತ್ರೆ ಅಡುಗೆಗೆ ಜಾಗ ಹುಡುಕುವ ಅಲೆದಾಟ. 2019ರಲ್ಲಿ ಲಂಡನ್ ಚಿತ್ರೋತ್ಸವದಲ್ಲಿ ತೆರೆಕಂಡು, 2020ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಚಿತ್ರವಿದು.

ಇಷ್ಟು ಸಣ್ಣ ಸಂಗತಿಗೆ ಇಷ್ಟು ರಾದ್ಧಾಂತವೇ ಎಂದು ಕೇಳುವವರು 2007ರ ಒಂದು ಕೈಪಿಡಿಯನ್ನು ನೆನೆಯಬೇಕು. ಪಶ್ಚಿಮ ದೆಹಲಿಯ ಪೊಲೀಸರು ಈಶಾನ್ಯದಿಂದ ಬರುವ ವಿದ್ಯಾರ್ಥಿಗಳಿಗೆಂದು ಸುರಕ್ಷತೆಯ ಸಲಹೆಗಳ ಪುಸ್ತಿಕೆಯೊಂದನ್ನು ಹೊರತಂದರು. ಹೆಣ್ಣುಮಕ್ಕಳು ಎಂಥ ಬಟ್ಟೆ ತೊಡಬೇಕು ಎಂಬುದರ ಜೊತೆಗೆ, ಎಳೆ ಬಿದಿರು, ಅಖುನಿಯಂಥ ವಾಸನೆಯ ಅಡುಗೆಗಳನ್ನು ನೆರೆಹೊರೆಯಲ್ಲಿ ಗಲಾಟೆಯಾಗದಂತೆ ಮಾಡಿಕೊಳ್ಳಬೇಕು ಎಂಬ ಸಲಹೆಯೂ ಅದರಲ್ಲಿತ್ತು. ಟೀಕೆ ಜೋರಾಗಿಯೇ ಬಂತು. ಆ ಪುಸ್ತಿಕೆಯ ಹಿಂದಿದ್ದ ಅಧಿಕಾರಿ ರಾಬಿನ್ ಹಿಬು ಸ್ವತಃ ಅರುಣಾಚಲ ಪ್ರದೇಶದವರು. ತಮ್ಮ ಕಡೆಯ ಮಕ್ಕಳು ಸುರಕ್ಷಿತವಾಗಿರಲಿ ಎಂಬ ಕಾಳಜಿಯಿಂದಲೇ ಅವರು ಬರೆದಿರಬೇಕು. ಹಾಗಿದ್ದೂ ಪೊಲೀಸ್ ಇಲಾಖೆ ಸುರಕ್ಷತೆ ಎಂದು ಹೇಳಿಕೊಟ್ಟದ್ದು ಒಲೆಯನ್ನು ಬಚ್ಚಿಡುವ ಪಾಠವನ್ನು. ಮೂಗು ಮುರಿಯುವ ನೆರೆಯವರಿಗೆ ಅಂಥದ್ದೊಂದು ಪುಸ್ತಿಕೆ ಅಚ್ಚಾಗಲಿಲ್ಲ.

ಸಾಂಸ್ಕೃತಿಕ ಆಘಾತ ಎಂಬ ಪರಿಕಲ್ಪನೆಯನ್ನು ಜನಪ್ರಿಯಗೊಳಿಸಿದವರು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. ಅವರ ಹೆಸರಾಂತ ಲೇಖನ 1960ರದ್ದು. ಊರು ಬಿಟ್ಟು ಬೇರೆ ನೆಲಕ್ಕೆ ಹೋದವನಿಗೆ, ಗುರುತಿನ ಸಂಜ್ಞೆಗಳೆಲ್ಲ ತಪ್ಪಿಹೋಗಿ ಆಗುವ ಗಲಿಬಿಲಿ ಅದು. ಹೋದವನಿಗೆ ಆಗುವುದು ಎಂಬುದನ್ನು ಇಲ್ಲಿ ಗಮನಿಸಬೇಕು. ‘ಅಖುನಿ’ಯಲ್ಲಿ ಆಘಾತದ ಹಕ್ಕು ಮಂಡಿಸುವವರು ಎಲ್ಲಿಗೂ ಹೋಗದವರು, ತಮ್ಮದೇ ಓಣಿಯಲ್ಲಿ ತಮ್ಮದೇ ಮಂಚದ ಮೇಲೆ ಕುಳಿತವರು. ಹೊರಗಿನಿಂದ ಬಂದವರಾದರೋ ಆಘಾತದ ಹಂತವನ್ನು ಎಂದೋ ದಾಟಿದ್ದಾರೆ. ಹಿಂದಿ ಕಲಿತಿದ್ದಾರೆ, ಮಾಂಸ ಯಾವ ಗಲ್ಲಿಯಲ್ಲಿ ಸಿಗುತ್ತದೆ, ಯಾವ ಹೊತ್ತಿಗೆ ಕಿಟಕಿ ಮುಚ್ಚಬೇಕು ಎಲ್ಲ ಬಲ್ಲರು. ಡಾಲಿ ಅಹ್ಲುವಾಲಿಯಾ ಅಭಿನಯಿಸಿದ ಮನೆಯೊಡತಿಗೆ ವಾಸನೆ ಹಿಡಿಸದಿರುವುದು ತಪ್ಪೇನಲ್ಲ. ಹಿಡಿಸದ ವಾಸನೆ ಯಾರಿಗಾದರೂ ಇದ್ದೀತು. ಆದರೆ ಮನೆಯ ಕೀಲಿಕೈ ಆಕೆಯ ಸೆರಗಿನಲ್ಲಿರುವುದರಿಂದ ಆಕೆಯ ಮೂಗು ಹೇಳಿದ್ದೇ ಕಾನೂನಾಗುತ್ತದೆ. ಸಮಾಜಶಾಸ್ತ್ರಜ್ಞ ವಿಲಿಯಂ ಗ್ರಹಾಂ ಸಮ್ನರ್ 1906ರಲ್ಲೇ ವಿವರಿಸಿದ ಸ್ವಜನ ಕೇಂದ್ರಿತ ದೃಷ್ಟಿ, ಅಂದರೆ ನಮ್ಮ ಗುಂಪೇ ನಡು, ಉಳಿದವರನ್ನು ಅಳೆಯುವುದು ನಮ್ಮ ಅಳತೆಗೋಲಿನಿಂದ ಎಂಬ ಧೋರಣೆ, ಇಲ್ಲಿ ಬಾಡಿಗೆ ಕರಾರಿನ ರೂಪದಲ್ಲಿ ಕೂತಿದೆ. ಚಿತ್ರದ ಒಳ್ಳೆಯ ಗಳಿಗೆಗಳೆಲ್ಲ ಇದನ್ನು ಬಲ್ಲವು.

ಅಖುನಿ ನಾಗಾಲ್ಯಾಂಡಿನ ಸುಮಿ ನಾಗಾ ಜನರ ಪದಾರ್ಥ. ಸೋಯಾ ಕಾಳನ್ನು ಮೆತ್ತಗೆ ಬೇಯಿಸಿ, ಎಲೆಯಲ್ಲಿ ಸುತ್ತಿ, ಒಲೆಯ ಬಳಿ ಬೆಚ್ಚಗೆ ಕೆಲವು ದಿನ ಇಡುತ್ತಾರೆ. ಬ್ಯಾಸಿಲಸ್ ಜಾತಿಯ ಸೂಕ್ಷ್ಮಜೀವಿಗಳು ಕಾಳಿನ ಪ್ರೋಟೀನನ್ನು ಒಡೆಯುತ್ತವೆ. ಮೂಗಿಗೆ ಬಡಿಯುವ ಅಮೋನಿಯಾ ಹುಟ್ಟುವುದು ಆಗಲೇ, ನಾಲಿಗೆಗೆ ಸಿಗುವ ಆಳವಾದ ರುಚಿ ಹುಟ್ಟುವುದೂ ಆಗಲೇ. ಮಣಿಪುರದ ಹವಾಯ್‌ಜಾರ್, ಖಾಸಿ ಬೆಟ್ಟಗಳ ತುಂಗ್ರಿಂಬಾಯ್, ನೇಪಾಳಿಗಳ ಕಿನೆಮಾ ಇದರ ದಾಯಾದಿಗಳು. ಜಪಾನಿನ ನಾಟ್ಟೊ ಕೂಡ ಇದೇ ವಂಶದ್ದು. ನಾಟ್ಟೊ ಆರೋಗ್ಯದ ಅಂಕಣಗಳಲ್ಲಿ ಮೆಚ್ಚುಗೆ ಪಡೆಯುತ್ತದೆ, ಅಖುನಿಗೆ ಬೀಳುವುದು ಪೊಲೀಸರ ಸಲಹೆ. ದುಡ್ಡಿನ ಮುಂದೆ ಮೂಗು ಹೇಗೆ ಬಗ್ಗುತ್ತದೆ ಎಂಬುದಕ್ಕೆ ಚಿತ್ರ ನಡೆಯುವ ದಕ್ಷಿಣ ದೆಹಲಿಯ ಹುಮಾಯೂನ್‌ಪುರವೇ ಸಾಕ್ಷಿ. ಇಂದು ಆ ಓಣಿಗಳಲ್ಲಿ ಈಶಾನ್ಯದ ಅಡುಗೆಯ ಹೋಟೆಲುಗಳು ಸಾಲುಗಟ್ಟಿವೆ. ಊರಿನ ಬೇರೆ ಬಡಾವಣೆಗಳವರು ಅಲ್ಲಿಗೆ ಹುಡುಕಿಕೊಂಡು ಬಂದು ಉಣ್ಣುತ್ತಾರೆ. ಈ ಕಾಳಿನ ಬಗ್ಗೆ ಚಿತ್ರ ಇನ್ನಷ್ಟು ಹೊತ್ತು ಮಾತಾಡಬೇಕಿತ್ತು ಅನ್ನಿಸಿತು. ವಾಸನೆಗೆ ಬೆಚ್ಚುವ ಮುಖಗಳನ್ನು ಕಂಡಷ್ಟು, ಅದನ್ನು ಆಸೆಪಟ್ಟು ತಿನ್ನುವವರ ನಾಲಿಗೆಯ ಸುಖ ನಮಗೆ ತಲುಪುವುದಿಲ್ಲ.

ಖಾರ್ಕೊಂಗೊರ್ ಅವರ ದೊಡ್ಡ ಗುಣ, ತಮ್ಮವರನ್ನು ಹಾಲಿನಲ್ಲಿ ಅದ್ದಿ ತೆಗೆಯದಿರುವುದು. ಉಪಾಸನಾ ನೇಪಾಳಿ ಹುಡುಗಿ. ಗೆಳೆಯರ ಗುಂಪಿನಲ್ಲೇ ಆಕೆಯನ್ನು ಪೂರ್ತಿ ‘ನಮ್ಮವಳು’ ಎಂದು ಒಪ್ಪದ ಒಂದು ಗೆರೆಯಿದೆ. ಜಗಳದ ಬಿಸಿಯಲ್ಲಿ ಅದು ಬಾಯಿಗೆ ಬಂದಾಗ, ಆಕೆ ಈ ಅಡುಗೆಗೆ ಇಷ್ಟು ಹಟ ಹಿಡಿದಿದ್ದೇಕೆ ಎಂಬುದು ಹೊಳೆಯುತ್ತದೆ. ದೆಹಲಿಯಿಂದ ತಿರಸ್ಕಾರ ಉಂಡವರು ಅದರಲ್ಲೊಂದು ತುತ್ತನ್ನು ಪಕ್ಕದವಳಿಗೂ ಬಡಿಸುತ್ತಾರೆ. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇದೇ. ಇನ್ನೊಬ್ಬ ಬೆಂಡಾಂಗ್. ಹಿಂದೆ ಬೀದಿಯಲ್ಲಿ ಪೆಟ್ಟು ತಿಂದು ಒಳಗೇ ಮುದುಡಿಕೊಂಡವನು. ಗೆಳತಿ ಚಾನ್ಬಿಗೆ ಬೀದಿಯಲ್ಲಿ ಒಬ್ಬ ಕೆನ್ನೆಗೆ ಹೊಡೆದಾಗಲೂ ಅವನ ಕೈ ಏಳುವುದಿಲ್ಲ. ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಹಲ್ಲೆಗೊಳಗಾಗಿ ಸತ್ತದ್ದನ್ನು, ಅದಾದ ಮೇಲೆ ಈಶಾನ್ಯದವರ ಸಂಕಷ್ಟಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿದ್ದನ್ನು ಬಲ್ಲವರಿಗೆ ಬೆಂಡಾಂಗ್‌ನ ಕತೆ ಬರಿಯ ಕತೆಯಾಗಿ ಕಾಣದು. ಲಾನುವಾಕುಮ್ ಆವೊ ಮಾತು ಕಡಿಮೆ ಮಾಡಿ ಈ ಪಾತ್ರವನ್ನು ಗೆಲ್ಲಿಸಿದ್ದಾರೆ.

ಇಲ್ಲಿಗೆ ಹೊಗಳಿಕೆ ಸಾಕು. ಈಶಾನ್ಯದವರನ್ನು ಹೊರಗಿಡುವುದರ ಬಗ್ಗೆಯೇ ಇರುವ ಚಿತ್ರದಲ್ಲಿ ಉಪಾಸನಾಳ ಮುಖ್ಯ ಪಾತ್ರ ಬಂಗಾಳಿ ನಟಿ ಸಯಾನಿ ಗುಪ್ತಾ ಅವರಿಗೆ ಹೋಗಿದೆ. ಆಕೆ ಚೆನ್ನಾಗಿಯೇ ನಟಿಸಿದ್ದಾರೆ, ಆ ಮಾತು ಬೇರೆ. 2014ರಲ್ಲಿ ಮಣಿಪುರದ ಬಾಕ್ಸರ್ ಮೇರಿ ಕೋಮ್ ಪಾತ್ರಕ್ಕೆ ಪ್ರಿಯಾಂಕಾ ಚೋಪ್ರಾ ಬಂದಾಗ ಎದ್ದ ಪ್ರಶ್ನೆ ಆರು ವರ್ಷಗಳ ಮೇಲೂ ಹಾಗೆಯೇ ಉಳಿದಿತ್ತು ಎಂದಾಯಿತು. ಚಿತ್ರವನ್ನು ಸಡಿಲಗೊಳಿಸಿದ ಇನ್ನೊಂದು ಸಂಗತಿ ಮನೆಯೊಡತಿಯ ಮೊಮ್ಮಗ ಶಿವ್. ಒಳ್ಳೆಯ ಹುಡುಗ, ಸಹಾಯಕ್ಕೆ ಓಡುತ್ತಾನೆ, ಜೊತೆಗೆ ಈಶಾನ್ಯದ ಹುಡುಗಿಯೊಬ್ಬಳು ಗೆಳತಿಯಾಗಿ ಸಿಗಲಿ ಎಂದು ಹಂಬಲಿಸುತ್ತಾನೆ. ಆ ಹಂಬಲದಲ್ಲೂ ಒಂದು ಜನಾಂಗವನ್ನು ಸರಕಿನಂತೆ ಕಾಣುವ ಗುಣವಿದೆ. ಚಿತ್ರ ಅದನ್ನು ನಗೆಯಲ್ಲಿ ತೇಲಿಸಿಬಿಡುತ್ತದೆ. ಬೆಂಡಾಂಗ್ ಅವನ ಮೇಲೆ ಸಿಡಿದೆದ್ದಾಗ ಆ ಸಿಟ್ಟಿನ ಪೂರ್ವಾಪರವನ್ನು ಕೆದಕುವ ಬದಲು, ಎರಡೂ ಕಡೆ ತಪ್ಪಿದೆಯಪ್ಪ ಎಂಬ ಪಂಚಾಯಿತಿ ತೀರ್ಮಾನಕ್ಕೆ ಬರುತ್ತದೆ. ಅಡುಗೆಯನ್ನು ಬಚ್ಚಿಟ್ಟವರನ್ನೂ ಬಚ್ಚಿಡುವಂತೆ ಮಾಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸೌಜನ್ಯದಂತೆ ಕಾಣುತ್ತದೆ; ಅದರಿಂದ ಅನುಕೂಲವಾಗುವುದು ಕೀಲಿಕೈ ಇರುವವರಿಗೆ.

ಅವರವರ ಊಟ ಅವರವರ ನೆಲೆಯಲ್ಲಿ ಸರಿ ಎನ್ನುವ ಸಾಂಸ್ಕೃತಿಕ ಸಾಪೇಕ್ಷತೆಯೇ ಚಿತ್ರದ ನಿಲುವು ಎಂದಿಟ್ಟುಕೊಂಡರೂ, ಅದರ ಪರೀಕ್ಷೆ ತೀರಾ ಸುಲಭದ್ದು. ಸೋಯಾ ಕಾಳಿನಿಂದ ಯಾರಿಗೂ ನೋವಿಲ್ಲ, ಕಾಟವೇನಿದ್ದರೂ ವಾಸನೆಯದು. ಪ್ರೇಕ್ಷಕ ಕಷ್ಟಪಡದೆ ಸರಿಯಾದ ಪಕ್ಷದಲ್ಲಿ ನಿಲ್ಲಬಹುದು. ಕಠಿಣ ಪ್ರಶ್ನೆ ಚಿತ್ರ ಬಂದ ಮರುತಿಂಗಳೇ ಎದುರಾಯಿತು. 2020ರ ಜುಲೈನಲ್ಲಿ ನಾಗಾಲ್ಯಾಂಡ್ ಸರ್ಕಾರ ನಾಯಿ ಮಾಂಸದ ಮಾರಾಟವನ್ನು ನಿಷೇಧಿಸಿತು. 2023ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ಆ ಆದೇಶವನ್ನು ರದ್ದುಮಾಡಿತು. ಅಲ್ಲಿ ಸಾಪೇಕ್ಷತೆಯ ಮಾತಾಡುವವರು ಕಟ್ಟಿಹಾಕಿದ ಪ್ರಾಣಿಯ ನೋವಿಗೂ ಉತ್ತರ ಹೇಳಬೇಕು. ನಿಷೇಧ ಬೇಕೆನ್ನುವವರು ತಮ್ಮ ತಟ್ಟೆಯ ಕೋಳಿ ಕುರಿಗಳು ಹೇಗೆ ಸಾಯುತ್ತವೆ ಎಂಬುದಕ್ಕೂ. ಪ್ರಾಣಿಗೆ ಕೊಡುವ ಹಿಂಸೆಯನ್ನು ಪ್ರಶ್ನಿಸುವುದು ಸರಿ, ಯಾವ ಜನಾಂಗದ್ದಾದರೂ ಸರಿ ಎನ್ನುವುದು ನನ್ನ ಪಕ್ಷ. ಪ್ರಶ್ನೆ ಬರೀ ಕೊಹಿಮಾದ ಸಂತೆಗೆ ಹೋಗಿ ನಮ್ಮ ಕಟುಕರ ಅಂಗಡಿಯ ಮುಂದೆ ಬಾಯಿಕಟ್ಟಿ ನಿಂತರೆ ಅದನ್ನು ದಯೆ ಎನ್ನಲಾರೆ.

‘ಅಖುನಿ’ ದೆಹಲಿಯ ಕತೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 2012ರ ಆಗಸ್ಟಿನಲ್ಲಿ ಹಲ್ಲೆಯಾಗುತ್ತದೆಂಬ ವದಂತಿ ಎಸ್ಸೆಮ್ಮೆಸ್‌ಗಳಲ್ಲಿ ಹಬ್ಬಿ, ಬೆಂಗಳೂರಿನಿಂದ ಈಶಾನ್ಯದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ರೈಲ್ವೆಯವರು ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಹೋಟೆಲು, ಬ್ಯೂಟಿ ಪಾರ್ಲರು, ಸೆಕ್ಯುರಿಟಿ ಕೆಲಸಗಳಲ್ಲಿ ದಿನಾ ಕಾಣುತ್ತಿದ್ದವರು ಕೆಲವೇ ದಿನಗಳಲ್ಲಿ ಊರು ಖಾಲಿ ಮಾಡಿದರು ಎಂದರೆ, ಅಷ್ಟು ವರ್ಷಗಳಲ್ಲಿ ಅವರಿಗೆ ಈ ಊರಲ್ಲಿ ಭರವಸೆ ಮೂಡಿಸುವ ನೆರೆಯವರು ಎಷ್ಟು ಮಂದಿ ಇದ್ದರು ಎಂದು ಕೇಳಿಕೊಳ್ಳಬೇಕಾಗುತ್ತದೆ. ಪೊಲೀಸ್ ಪುಸ್ತಿಕೆಯಲ್ಲಿ ಹೆಸರು ಬಂದ ಎಳೆ ಬಿದಿರು ನಮ್ಮದೇ ಮಲೆನಾಡಿನ ಕಳಲೆ, ಕೊಡಗಿನ ಬೈಂಬಳೆ. ಹೆಚ್ಚಿ, ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸುವಾಗ ಬರುವ ವಾಸನೆ ಮಳೆಗಾಲದಲ್ಲಿ ತೀರ್ಥಹಳ್ಳಿ, ಮಡಿಕೇರಿಯ ಮನೆಗಳಿಗೆ ಹೊಸತಲ್ಲ. ಕರಾವಳಿಯಿಂದ ಒಣಮೀನು ಕಟ್ಟಿಕೊಂಡು ಬೆಂಗಳೂರಿಗೆ ಬಂದವರನ್ನು ಕೇಳಿ, ಅದನ್ನು ಬಾಡಿಗೆ ಮನೆಯಲ್ಲಿ ಸುಡಲು ಯಾವ ಹೊತ್ತು ಆರಿಸಿಕೊಳ್ಳುತ್ತಾರೆ ಎಂದು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಟು-ಲೆಟ್ ಫಲಕ ಕನ್ನಡದವರನ್ನೂ ಬಾಗಿಲಾಚೆ ನಿಲ್ಲಿಸುತ್ತದೆ, ಅದೂ ಕನ್ನಡದಲ್ಲೇ.

‘ಅಖುನಿ’ ಧೈರ್ಯದ ವಿಷಯವನ್ನು ಎತ್ತಿಕೊಂಡು ಅರ್ಧ ದಾರಿಯಲ್ಲಿ ಎಲ್ಲರೊಡನೆ ರಾಜಿಯಾದ ಚಿತ್ರ. ಆದರೂ ಮನೆ ಬಾಡಿಗೆಗೆ ಕೊಡುವವರು ಇದನ್ನೊಮ್ಮೆ ನೋಡಬೇಕು. ನೋಡಿದ ಮೇಲೆ ಬಾಡಿಗೆ, ಅಡ್ವಾನ್ಸು, ನೀರು, ಕರೆಂಟು, ಸುಣ್ಣಬಣ್ಣದ ಖರ್ಚು ಎಲ್ಲವನ್ನೂ ಕರಾರಿನಲ್ಲಿ ಧಾರಾಳವಾಗಿ ಬರೆಸಿಕೊಳ್ಳಿ. ಒಲೆಯ ಮೇಲೆ ಏನು ಬೇಯಬೇಕೆಂಬ ಸಾಲೊಂದನ್ನು ಹೊಡೆದುಹಾಕಿ.